31 ಸೆಂ.ಮೀ. ಕಂದು ಗರಿ, ಪಟ್ಟೆ ಇಲ್ಲ: ರಣಹದ್ದಿನದೇ? ಆದರೆ ಯಾವುದು?

ಕಲ್ಲುಗುಡ್ಡ
ಕಡಿದಾದ ಬಂಡೆಯ ಬುಡದಲ್ಲಿ ಬಿದ್ದಿದ್ದ ಉದುರುಗರಿ. ಎತ್ತಿಕೊಂಡು ಬಂದಿಲ್ಲ, ಅಳತೆ ಮತ್ತು ಫೋಟೋ ಮಾತ್ರ ಇದೆ.

ಒಟ್ಟು ಉದ್ದ 31 ಸೆಂ.ಮೀ. ಅದರಲ್ಲಿ ಬುಡದ ಬರಿ ಕೊಳವೆ 6 ಸೆಂ.ಮೀ. ಕೊಳವೆಯ ದಪ್ಪ 6 ಮಿ.ಮೀ. ಅತಿ ಅಗಲ ಇರುವಲ್ಲಿ 6.5 ಸೆಂ.ಮೀ: ಒಂದು ಬದಿ 2.8, ಇನ್ನೊಂದು 3.7. ಬಣ್ಣ ಎರಡೂ ಮೈಯಲ್ಲಿ ಕಡುಗಂದು, ಪಟ್ಟೆ-ಚುಕ್ಕೆ ಏನೂ ಇಲ್ಲ. ತುದಿ ಸವೆದು ಎಳೆಗಳು ಕಿತ್ತುಹೋಗಿವೆ, ನಡುವಿನ ಕಡ್ಡಿ ಸುಮಾರು 4 ಮಿ.ಮೀ. ಹೊರಗೆ ಚಾಚಿದೆ.

ಫೋನಿನ ಆ್ಯಪ್ ಒಂದು ಸಲ ಹದ್ದು ಅಂತು, ಇನ್ನೊಂದು ಸಲ ಟರ್ಕಿ ಕೋಳಿ ಅಂತು. ರಣಹದ್ದಿಗೆ ಇದು ತೀರಾ ಚಿಕ್ಕದಲ್ಲವೇ?

ಗರಿಗಂಟು
ಆ್ಯಪನ್ನು ಬದಿಗಿಡಿ. ಅದು ಕಲಿತಿರುವುದು ಹೆಚ್ಚಾಗಿ ಇಡೀ ಹಕ್ಕಿಯ ಚಿತ್ರಗಳಿಂದ. ಒಂಟಿ ಗರಿ ಕೊಟ್ಟರೆ ಬಣ್ಣ ನೋಡಿ ಏನೋ ಒಂದು ಹೇಳಿಬಿಡುತ್ತದೆ.

"ಯಾವ ಹಕ್ಕಿ" ಅನ್ನುವ ಪ್ರಶ್ನೆ ಆಮೇಲೆ. ಮೊದಲು "ಹಕ್ಕಿಯ ಮೈಮೇಲೆ ಎಲ್ಲಿತ್ತು" ಅನ್ನುವುದು ಗೊತ್ತಾಗಬೇಕು. ಒಂದೇ ರಣಹದ್ದಿನ ರೆಕ್ಕೆತುದಿಯ ಗರಿ ಅರ್ಧ ಮೀಟರ್ ಹತ್ತಿರ ಇರುತ್ತದೆ, ಹೆಬ್ಬೆರಳಿನ ಗರಿ ಅದರ ಅರ್ಧಕ್ಕಿಂತಲೂ ಕಮ್ಮಿ. ಜಾಗ ಗೊತ್ತಿಲ್ಲದೆ ಉದ್ದ ಮಾತ್ರ ಹಿಡಿದುಕೊಂಡು ಹೊರಟರೆ ದಾರಿ ತಪ್ಪುವುದು ಖಂಡಿತ.

ಪ್ರೈಮರಿ, ಅಂದರೆ ರೆಕ್ಕೆತುದಿಯ ಗರಿ: ಮುಂಬದಿಯ ಅಲಗು (ಕಡ್ಡಿಯ ಒಂದು ಬದಿಯ ಎಳೆಗಳ ಹರವು) ತುಂಬಾ ಕಿರಿದು, ಹಿಂಬದಿಯದು ಅಗಲ. ಹೊರಗಿನ ಪ್ರೈಮರಿಗಳಲ್ಲಿ ಅಲಗು ಒಂದು ಕಡೆ ಇದ್ದಕ್ಕಿದ್ದಂತೆ ಸಣ್ಣಗಾಗುತ್ತದೆ. ನಾವು ಅದಕ್ಕೆ ಕಚ್ಚು ಅನ್ನುತ್ತೇವೆ. ಹಾರುವಾಗ ಬೆರಳು ಬಿಡಿಸಿದಂತೆ ಕಾಣುವುದು ಆ ಕಚ್ಚಿನಿಂದಲೇ.

ಸೆಕೆಂಡರಿ, ಅಂದರೆ ಮುಂಗೈಯಿಂದ ಹೊರಡುವ ಗರಿ: ಕಚ್ಚಿಲ್ಲ, ಅಗಲ ಜಾಸ್ತಿ, ಇಡೀ ಗರಿ ಕುಡುಗೋಲಿನಂತೆ ಒಂದು ಕಡೆಗೆ ಬಾಗಿರುತ್ತದೆ.

ಬಾಲದ ಗರಿ: ಕಡ್ಡಿ ನೆಟ್ಟಗೆ. ನಡುವಿನ ಜೋಡಿಯಲ್ಲಿ ಎರಡೂ ಅಲಗು ಹೆಚ್ಚುಕಮ್ಮಿ ಸಮ, ಅಂಚಿಗೆ ಹೋದಂತೆ ಹೊರಬದಿ ಕಿರಿದಾಗುತ್ತದೆ.

ನಿಮ್ಮದು 2.8ಕ್ಕೆ 3.7. ಪ್ರೈಮರಿ ಅಲ್ಲವೇ ಅಲ್ಲ. ಕಡ್ಡಿ ನೆಟ್ಟಗಿದೆಯಾ, ಬಾಗಿದೆಯಾ?

ಕಲ್ಲುಗುಡ್ಡ
ಮೇಲಿನಿಂದ ನೋಡಿದರೆ ನೆಟ್ಟಗೆ. ಪಕ್ಕದಿಂದ ನೋಡಿದರೆ ಕೆಳಮೈ ಕಡೆಗೆ ಸ್ವಲ್ಪ ಬಾಗಿದೆ.

ಗರಿಗಂಟು
ಪಕ್ಕದಿಂದ ಕಾಣುವ ಬಾಗು ಎಲ್ಲಾ ಹಾರುಗರಿಗೂ ಇರುತ್ತದೆ, ಲೆಕ್ಕಕ್ಕಿಲ್ಲ. ಮೇಲಿನಿಂದ ನೆಟ್ಟಗಿದ್ದರೆ ಬಾಲ. ನಡುವಿನ ಜೋಡಿ ಅಲ್ಲ, ಅತಿ ಅಂಚಿನದೂ ಅಲ್ಲ.

ಹೆಜ್ಜಾರ್ಲೆ
ಸವೆದ ತುದಿಯೂ ಅದನ್ನೇ ಹೇಳುತ್ತಿದೆ. ರಣಹದ್ದು ಬಂಡೆಯ ಮೇಲೆ, ನೆಲದ ಮೇಲೆ ಕೂರುವಾಗ ಬಾಲದ ತುದಿ ಒರಟು ಮೈಗೆ ಉಜ್ಜುತ್ತಲೇ ಇರುತ್ತದೆ. ಎಳೆ ಮೊದಲು ಹೋಗುತ್ತದೆ, ಕಡ್ಡಿ ಗಟ್ಟಿ ಇರುವುದರಿಂದ ಮುಳ್ಳಿನಂತೆ ಉಳಿಯುತ್ತದೆ. ಆದರೆ ಇದೊಂದನ್ನೇ ನೆಚ್ಚಿಕೊಂಡು "ರಣಹದ್ದು" ಎಂದು ಬರೆಯಬೇಡಿ. ನೆಲದಲ್ಲಿ ಓಡಾಡುವ ಯಾವ ದೊಡ್ಡ ಹಕ್ಕಿಯ ಬಾಲವೂ ಹೀಗೆ ಸವೆಯಬಹುದು.

ಬಣ್ಣದ ಬಗ್ಗೆ ಒಂದು ಮಾತು. ಅಕ್ಕಪಕ್ಕದ ಗರಿ ಮುಚ್ಚಿಕೊಂಡಿದ್ದ ಭಾಗ ಕಡು ಬಣ್ಣದಲ್ಲೇ ಉಳಿದು, ಬಿಸಿಲಿಗೆ ತೆರೆದಿದ್ದ ಭಾಗ ತಿಳಿಗಂದು ಆಗಿರುತ್ತದೆ. ಗಡಿ ಉದ್ದುದ್ದಕ್ಕೆ ಓಡಿರುತ್ತದೆ. ಇದನ್ನು "ಎರಡು ಬಣ್ಣದ ಗರಿ" ಎಂದು ಗುರುತು ಹಾಕಿಕೊಂಡು ಪುಸ್ತಕದಲ್ಲಿ ಹುಡುಕಿದರೆ ಯಾವ ಹಕ್ಕಿಯೂ ಸಿಗುವುದಿಲ್ಲ.

ಸಂಜೆಗಾಳಿ
31 ಸೆಂ.ಮೀ. ಬಾಲದ ಗರಿ ಅಂದರೆ ಬ್ಲ್ಯಾಕ್ ಕೈಟ್ (ಊರಲ್ಲಿ ಕಾಣುವ ಸಾಮಾನ್ಯ ಹದ್ದು) ಯಾಕಾಗಬಾರದು? ಅದರ ಬಾಲವೂ ಉದ್ದವೇ.

ಗರಿಗಂಟು
ಉದ್ದದಲ್ಲಿ ಸರಿಸಮ ಬರುತ್ತದೆ, ಒಪ್ಪಿದೆ. ಅದಕ್ಕೇ ಉದ್ದ ನೋಡಬೇಡಿ, ದಪ್ಪ ನೋಡಿ ಅನ್ನುವುದು. ಕೈಟ್ ಒಂದು ಕಿಲೋಗಿಂತ ಕಮ್ಮಿ ತೂಗುವ ಹಕ್ಕಿ. ಅದರ ಬಾಲದ ಗರಿಯ ಕೊಳವೆ ಬಾಲ್‌ಪೆನ್ ರೀಫಿಲ್‌ನಂತಿರುತ್ತದೆ, ಅಲಗೂ ಕಿರಿದು. ಬೆಳಕಿಗೆ ಓರೆ ಹಿಡಿದರೆ ಮಸುಕು ಅಡ್ಡಪಟ್ಟೆಯೂ ಕಾಣುತ್ತದೆ. ಇಲ್ಲಿ 6 ಮಿ.ಮೀ. ಕೊಳವೆ, ಅಗಲ 6.5. ಇದು ಬೇರೆಯೇ ತೂಕದ ಹಕ್ಕಿ.

ಕೊಳವೆ_ನೋಡಿ
ಪಟ್ಟೆ ಇಲ್ಲ ಅನ್ನುವುದಕ್ಕೆ ಮುಂಚೆ ಸರಿಯಾಗಿ ನೋಡಿದ್ದೀರಾ? ಬಿಸಿಲಿಗೆ ಎದುರಾಗಿ ಹಿಡಿದು, ಕೆಳಮೈಯನ್ನು, ಅದರಲ್ಲೂ ಬುಡದ ಕಡೆ ಅಗಲದ ಅಲಗನ್ನು ನೋಡಬೇಕು. ಬಹಳಷ್ಟು ಹದ್ದುಗಳಲ್ಲಿ ಬೂದು ಮೇಲೆ ಕಪ್ಪು ಪಟ್ಟೆ ಅಡಗಿರುವುದು ಅಲ್ಲೇ. ಮೇಲ್ಮೈ ನೋಡಿ "ಸಾದಾ" ಅಂದುಬಿಡುವುದು ತೀರಾ ಸಾಮಾನ್ಯ ತಪ್ಪು. ಜಿಪ್ಸ್ ಕುಲದ ರಣಹದ್ದುಗಳಲ್ಲಿ (ಬಿಳಿಬೆನ್ನಿನದು, ಉದ್ದಕೊಕ್ಕಿನದು, ಗ್ರಿಫನ್ ಇತ್ಯಾದಿ) ಹಾರುಗರಿ, ಬಾಲದ ಗರಿ ಎರಡೂ ಬುಡದಿಂದ ತುದಿವರೆಗೂ ಸಾದಾ.

ಇದು ಒನ್‌ವೇ ರಸ್ತೆ, ಮರೆಯಬೇಡಿ. ಪಟ್ಟೆ ಇದ್ದರೆ ರಣಹದ್ದಲ್ಲ. ಪಟ್ಟೆ ಇಲ್ಲದಿದ್ದರೆ ರಣಹದ್ದು ಆಗಲೇಬೇಕೆಂದಿಲ್ಲ. ಬಿಳಿಹೊಟ್ಟೆಯ ಕಡಲಹದ್ದಿನ ರೆಕ್ಕೆಗರಿಯೂ ಸಾದಾ ಇರುತ್ತದೆ.

ಇನ್ನೊಂದು. ಪಟ್ಟೆಯೂ ಬೆಳವಣಿಗೆಯ ಗೆರೆಯೂ ಬೇರೆ ಬೇರೆ. ಗರಿಯನ್ನು ಓರೆ ಬೆಳಕಿನಲ್ಲಿ ತಿರುಗಿಸಿದರೆ ತೆಳುವಾಗಿ ಒಂದು ಮಂಕು, ಒಂದು ಹೊಳಪು ಗೆರೆ ಸಾಲಾಗಿ ಕಾಣುತ್ತದೆ. ಮಂಕು-ಹೊಳಪಿನ ಒಂದು ಜೋಡಿ ಸರಿಸುಮಾರು ಒಂದು ದಿನದ ಬೆಳವಣಿಗೆ. ಅದು ಬಣ್ಣವಲ್ಲ, ಕೋನ ಬದಲಿಸಿದರೆ ಮಾಯ. ನಿಮ್ಮ ಫೋಟೋದಲ್ಲಿ ಅದು ಕಾಣುತ್ತಿದೆ ಅನ್ನಿಸುತ್ತದೆ. ಹತ್ತು ಜೋಡಿಗೆ ಎಷ್ಟು ಉದ್ದ ಬರುತ್ತದೆ?

ಕಲ್ಲುಗುಡ್ಡ
ಕೆಳಮೈಯ ಫೋಟೋ ದೊಡ್ಡದು ಮಾಡಿ ನೋಡಿದೆ, ಬುಡದವರೆಗೂ ಪಟ್ಟೆ ಇಲ್ಲ. ಗೆರೆ ಎಣಿಸಿದೆ: ಹತ್ತು ಜೋಡಿಗೆ ಸುಮಾರು 40 ಮಿ.ಮೀ.

ಕೊಳವೆ_ನೋಡಿ
ಅಂದರೆ ದಿನಕ್ಕೆ 4 ಮಿ.ಮೀ. ಅಲಗು ಇರುವ ಭಾಗ 25 ಸೆಂ.ಮೀ. ಅದು ಬೆಳೆಯಲು 62 ದಿನ, ಹತ್ತಿರ ಹತ್ತಿರ ಎರಡು ತಿಂಗಳು. ಬಾಲದ ಒಂದು ಗರಿಗೇ ಇಷ್ಟು ಕಾಲ ಬೇಕು. ರೆಕ್ಕೆತುದಿಯದಕ್ಕೆ ಇನ್ನೂ ಹೆಚ್ಚು. ದೊಡ್ಡ ರಣಹದ್ದುಗಳು ರೆಕ್ಕೆಯ ಎಲ್ಲಾ ಗರಿಗಳನ್ನೂ ಒಂದೇ ವರ್ಷದಲ್ಲಿ ಬದಲಿಸಿಕೊಳ್ಳದೆ ಎರಡು-ಮೂರು ವರ್ಷಕ್ಕೆ ಹಂಚಿಕೊಳ್ಳುವುದು ಇದಕ್ಕೇ. ಹಾರುವುದನ್ನು ನಿಲ್ಲಿಸಿ ಕೂರುವಂತಿಲ್ಲವಲ್ಲ. ಹಾಗಾಗಿ ಒಂದೇ ಹಕ್ಕಿಯಿಂದ ಉದುರಿದ ಎರಡು ಗರಿಗಳಲ್ಲಿ ಒಂದು ಹೊಚ್ಚಹೊಸದರಂತೆಯೂ ಇನ್ನೊಂದು ಹರಕು ಪೊರಕೆಯಂತೆಯೂ ಇರಬಹುದು. ಸವೆತ ಬೇರೆ ಬೇರೆ ಇದೆ ಎಂದು ಎರಡು ಹಕ್ಕಿ ಲೆಕ್ಕ ಹಾಕಬೇಡಿ.

ಆ ಸಾಲಿನ ನಡುವೆ ಎಲ್ಲಾದರೂ ಬ್ಲೇಡಿನಿಂದ ಗೀರಿದಂತೆ ಪಾರದರ್ಶಕ ಅಡ್ಡಗೀಟು ಇದ್ದರೆ ಅದು ಗರಿ ಬೆಳೆಯುವಾಗ ಬಿದ್ದ ಪೆಟ್ಟು: ಉಪವಾಸ, ಕಾಯಿಲೆ, ಗಾಬರಿ ಯಾವುದೂ ಆಗಬಹುದು. ಗರಿ ಮುರಿಯುವುದೂ ಅಲ್ಲೇ. ಜಾತಿ ಗುರುತಿಸಲು ಅದರಿಂದ ಉಪಯೋಗವಿಲ್ಲ.

ಸಂಜೆಗಾಳಿ
ಸರಿ, ಕೈಟ್ ಬಿಟ್ಟೆ. ಆದರೆ ರಣಹದ್ದಿನ ರೆಕ್ಕೆ 60 ಸೆಂ.ಮೀ. ಎಂದು ಪುಸ್ತಕಗಳಲ್ಲಿ ಇರುತ್ತದೆ. 60 ಸೆಂ.ಮೀ. ಗರಿ ಇರಬೇಕಲ್ಲವೇ?

ಗರಿಗಂಟು
ಇಲ್ಲ. ಪುಸ್ತಕದ "ರೆಕ್ಕೆ ಉದ್ದ" ಅಂದರೆ ಮಡಚಿದ ರೆಕ್ಕೆಯ ಮಣಿಕಟ್ಟಿನಿಂದ ಅತಿ ಉದ್ದದ ಪ್ರೈಮರಿಯ ತುದಿವರೆಗೆ. ಅದರಲ್ಲಿ ಮೂಳೆ-ಮಾಂಸದ ಭಾಗವೂ ಸೇರಿದೆ. ಬಿಡಿ ಗರಿ ಅದಕ್ಕಿಂತ ಸಾಕಷ್ಟು ಚಿಕ್ಕದು.

ಬಾಲದಲ್ಲಿ ಇದೇ ಲೆಕ್ಕ ತಲೆಕೆಳಗು. ಪುಸ್ತಕದ "ಬಾಲ ಉದ್ದ" ಚರ್ಮದಿಂದ ಹೊರಗೆ ಕಾಣುವ ಭಾಗ. ಬಿಡಿ ಗರಿಗೆ ಚರ್ಮದೊಳಗೆ ಹೂತಿದ್ದ ಕೊಳವೆಯೂ ಸೇರುತ್ತದೆ, ಹಾಗಾಗಿ ಕೆಲವು ಸೆಂಟಿಮೀಟರ್ ಹೆಚ್ಚು. ನಿಮ್ಮ 31 ಪುಸ್ತಕದ ಲೆಕ್ಕದಲ್ಲಿ 26-27ರ ಆಸುಪಾಸು. ಅದು ಮಧ್ಯಮ ಗಾತ್ರದ ಜಿಪ್ಸ್ ಬಾಲಕ್ಕೆ ಸರಿಯಾಗಿ ಕೂರುತ್ತದೆ. ಅದೇ ಕುಲದ ದೊಡ್ಡ ಹಕ್ಕಿ ಹಿಮಾಲಯನ್ ಗ್ರಿಫನ್‌ಗೆ ಚಿಕ್ಕದಾಯಿತು.

ರಣಹದ್ದಿನ ಬಾಲ ಮೈಗೆ ಹೋಲಿಸಿದರೆ ಗಿಡ್ಡ. ಎರಡು ಮೀಟರ್ ದಾಟಿದ ರೆಕ್ಕೆಹರವಿನ ಹಕ್ಕಿಯ ಬಾಲದ ಗರಿ ಕೈಟ್‌ನದಷ್ಟೇ ಉದ್ದ ಅಂದರೆ ನಂಬಲು ಕಷ್ಟ. ಎಲ್ಲರೂ ಎಡವುವುದು ಇಲ್ಲೇ.

ಬಿಳಿಪುಕ್ಕ
ಬಿಳಿ ರಣಹದ್ದನ್ನು (ಈಜಿಪ್ಷಿಯನ್ ವಲ್ಚರ್) ಯಾರೂ ಎತ್ತಲಿಲ್ಲ. ಬಲಿತ ಹಕ್ಕಿಯ ಬಾಲ ಬಿಳಿ, ಅದು ಆಗುವುದಿಲ್ಲ. ಆದರೆ ಮರಿಹಕ್ಕಿ ಮೈಯೆಲ್ಲಾ ಕಂದು, ಬಾಲವೂ ಕಂದು. ಅದನ್ನು ಹೇಗೆ ತಳ್ಳಿಹಾಕುತ್ತೀರಿ?

ಗರಿಗಂಟು
ಒಳ್ಳೆಯ ಪ್ರಶ್ನೆ, ನಾನೇ ಎತ್ತಬೇಕಿತ್ತು. ಮೂರು ಕಾರಣ. ಒಂದು, ಬಿಳಿ ರಣಹದ್ದು ಸುಮಾರು ಎರಡು ಕಿಲೋ ಹಕ್ಕಿ, ಜಿಪ್ಸ್‌ಗಳು ಅದರ ಎರಡರಿಂದ ನಾಲ್ಕು ಪಟ್ಟು. ಕೊಳವೆ ಇಷ್ಟು ದಪ್ಪ ಬರುವುದಿಲ್ಲ. ಎರಡು, ಅದರ ಬಾಲ ಬೆಣೆಯಾಕಾರ: ನಡುವಿನ ಗರಿ ಉದ್ದ, ಅಂಚಿನದು ಗಿಡ್ಡ. ಈ ಗರಿ ನಡುವಿನದಲ್ಲ, ಆದರೂ 31 ಇದೆ. ಮೂರು, ಅದರ ಎಳೆಯ ಗರಿಯ ತುದಿ ತಿಳಿ ಬಣ್ಣ. ಇಲ್ಲಿ ತುದಿಯೇ ಸವೆದಿರುವುದರಿಂದ ಮೂರನೆಯದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೊದಲೆರಡೇ ಸಾಕು.

ಬಿಳಿಪುಕ್ಕ
ಒಪ್ಪಿದೆ. ಉಳಿದವರ ಉಪಯೋಗಕ್ಕೆ ಬಲಿತ ಬಿಳಿ ರಣಹದ್ದಿನ ರೆಕ್ಕೆಗರಿಯ ಗುರುತೂ ಇಲ್ಲಿರಲಿ: ಸೆಕೆಂಡರಿ ಕೆಳಮೈಯಲ್ಲಿ ಕಪ್ಪು, ಮೇಲ್ಮೈಯಲ್ಲಿ ಹೊರ ಅಲಗು ಬೂದುಬಿಳಿ. ಒಂದೇ ಗರಿಯನ್ನು ಮಗುಚಿದರೆ ಬೇರೆ ಹಕ್ಕಿಯದೇನೋ ಅನ್ನಿಸುತ್ತದೆ. ಒಂದೇ ಮೈಯ ಫೋಟೋ ಹಾಕುವವರು ಇದನ್ನು ನೋಡಬೇಕು.

ಹೆಜ್ಜಾರ್ಲೆ
ಬೇರೆ ಗಲಿಬಿಲಿಗಳನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ "ರಣಹದ್ದಿನ ಗರಿ" ಎಂದು ಬರುವ ಫೋಟೋಗಳಲ್ಲಿ ಎಷ್ಟೋ ಇವೇ ಆಗಿರುತ್ತವೆ. ಕೊಕ್ಕರೆಯ ಹಾರುಗರಿ ಕಪ್ಪು, ಆದರೆ ಬೆಳಕಿಗೆ ಹಿಡಿದರೆ ಹಸಿರೋ ನೇರಳೆಯೋ ಮಿಂಚುತ್ತದೆ. ರಣಹದ್ದಿನ ಗರಿಗೆ ಅಂಥ ಮಿಂಚಿಲ್ಲ, ಧೂಳು ಕೂತ ಹಲಗೆಯಂತೆ ಮಂಕು. ನವಿಲಿನ ರೆಕ್ಕೆತುದಿಯ ಗರಿ ಇಟ್ಟಿಗೆ ಕೆಂಪುಗಂದು. ಬಿಳಿ ಹೆಜ್ಜಾರ್ಲೆಯ ಪ್ರೈಮರಿ ಕಪ್ಪು, ಕಡ್ಡಿ ಮಾತ್ರ ಬಿಳಿಚು. ಟರ್ಕಿ ಕೋಳಿಯ ರೆಕ್ಕೆಗರಿ ಜೀಬ್ರಾದಂತೆ ಪಟ್ಟೆಪಟ್ಟೆ, ಆ್ಯಪ್ ಯಾಕೆ ಹಾಗೆ ಹೇಳಿತೋ!

ರಣಹದ್ದುಗಳಲ್ಲೇ ಕಡ್ಡಿಯ ಬಣ್ಣ ಸುಳಿವು ಕೊಡುವ ಸಂದರ್ಭವೂ ಇದೆ. ಗಡ್ಡದ ರಣಹದ್ದಿನ ಬೂದುಗಪ್ಪು ಗರಿಯಲ್ಲಿ ಕಡ್ಡಿ ಬಿಳಿಯಾಗಿ ಎದ್ದು ಕಾಣುತ್ತದೆ. ಅಮೆರಿಕದ ಕಪ್ಪು ರಣಹದ್ದಿನ ಪ್ರೈಮರಿಯಲ್ಲೂ ಕಡ್ಡಿ ಬಿಳಿಚು. ಅಲ್ಲಿಯ ಟರ್ಕಿ ರಣಹದ್ದಿನ ಹಾರುಗರಿಯ ಕೆಳಮೈ ಬೆಳ್ಳಿಬೂದು.

ಸಂಜೆಗಾಳಿ
ಹಾಗಾದರೆ ಜಿಪ್ಸ್. ಬಿಳಿಬೆನ್ನಿನ ರಣಹದ್ದು ಎಂದು ಬರೆದುಕೊಳ್ಳಬಹುದಲ್ಲ? ಕಡು ಬಣ್ಣ ಇದೆ.

ಕೊಳವೆ_ನೋಡಿ
ದಯವಿಟ್ಟು ಬೇಡ. ಜಿಪ್ಸ್‌ನೊಳಗೆ ಬಾಲದ ಒಂದು ಗರಿಯಿಂದ ಜಾತಿ ಹೇಳಲು ಬರುವುದಿಲ್ಲ. ಬಿಳಿಬೆನ್ನಿನದು, ಉದ್ದಕೊಕ್ಕಿನದು, ಗ್ರಿಫನ್, ಎಲ್ಲಕ್ಕೂ ಬಾಲ ಸಾದಾ ಕಡುಗಂದು-ಕಪ್ಪು. ಹೊಸದು ಕಪ್ಪಗೆ, ಹಳೆಯದು ಕಂದು. ಅಂದರೆ ನೀವು ಜಾತಿಯ ಗುರುತು ಅಂದುಕೊಂಡಿರುವುದು ಗರಿಯ ವಯಸ್ಸು.

ಬಾಲದಲ್ಲಿ ಒಂದು ವ್ಯತ್ಯಾಸ ನಿಜವಾಗಿ ಇದೆ: ಬಿಳಿಬೆನ್ನಿನ ರಣಹದ್ದಿಗೆ 12 ಗರಿ, ಗ್ರಿಫನ್ ಮತ್ತಿತರವಕ್ಕೆ 14. ಹಿಂದೆ ಬಿಳಿಬೆನ್ನಿನವನ್ನು ಸ್ಯೂಡೋಜಿಪ್ಸ್ ಎಂಬ ಪ್ರತ್ಯೇಕ ಕುಲಕ್ಕೆ ಹಾಕಿದ್ದು ಇದರಿಂದಲೇ. ಆದರೆ ಎಣಿಸಲು ಇಡೀ ಬಾಲ ಬೇಕು. ಕೈಯಲ್ಲಿರುವ ಒಂದು ಗರಿ ತಾನು ಹನ್ನೆರಡರಲ್ಲಿ ಒಂದೋ ಹದಿನಾಲ್ಕರಲ್ಲಿ ಒಂದೋ ಎಂದು ಹೇಳುವುದಿಲ್ಲ.

ಬಿಳಿಪುಕ್ಕ
ಸೆಕೆಂಡರಿ ಸಿಕ್ಕಿದ್ದರೆ ಸ್ವಲ್ಪ ಮುಂದೆ ಹೋಗಬಹುದಿತ್ತು. ಬಲಿತ ಬಿಳಿಬೆನ್ನಿನದರ ಸೆಕೆಂಡರಿಗೆ ಮೇಲ್ಮೈಯಲ್ಲಿ ಬೆಳ್ಳಿಬೂದು ಛಾಯೆ ಇರುತ್ತದೆ. ಕೆಂಪುತಲೆ ರಣಹದ್ದಿನ ಸೆಕೆಂಡರಿ ಬುಡದ ಕಡೆ ತಿಳಿಬೂದು, ಹಾರುವಾಗ ರೆಕ್ಕೆಯಡಿ ತಿಳಿ ಪಟ್ಟಿಯಾಗಿ ಕಾಣುವುದು ಅದೇ. ತುದಿಯ ಆಕಾರವೂ ಉಪಯೋಗಕ್ಕೆ ಬರುತ್ತದೆ: ಗ್ರಿಫನ್ ಮರಿಯ ಸೆಕೆಂಡರಿ ಚೂಪು, ದೊಡ್ಡದರದು ಮೊಂಡು. ಬೂದು ರಣಹದ್ದಿನಲ್ಲಿ ಈ ಚೂಪು ತುದಿಗಳಿಂದಲೇ ರೆಕ್ಕೆಯ ಹಿಂದಿನ ಅಂಚು ಗರಗಸದಂತೆ ಕಾಣುತ್ತದೆ.

ಕತ್ತಿನ ಸುತ್ತಲಿನ ಗರಿ ಸಿಕ್ಕರೆ ವಯಸ್ಸಿಗೆ ಇನ್ನೂ ಒಳ್ಳೆಯ ಸುಳಿವು. ಗ್ರಿಫನ್ ಮರಿಯದ್ದು ಭರ್ಜಿಯಂತೆ ಉದ್ದ, ಕಂದು. ದೊಡ್ಡದರದ್ದು ಬಿಳಿ ಹತ್ತಿಯಂತೆ.

ಸಂಜೆಗಾಳಿ
ಬಂಡೆಯ ಬುಡದಲ್ಲಿ ಸಿಕ್ಕಿದೆ ಅಂದರೆ ಬಂಡೆಯಲ್ಲಿ ಗೂಡು ಕಟ್ಟುವ ಉದ್ದಕೊಕ್ಕಿನದು ಅಲ್ಲವೇ? ಬಿಳಿಬೆನ್ನಿನದು ಮರದಲ್ಲಿ ಕಟ್ಟುತ್ತದೆ.

ಗರಿಗಂಟು
ಆ ತರ್ಕ ಸರಿ, ಆದರೆ ಅದು ಗರಿ ಹೇಳಿದ್ದಲ್ಲ, ಜಾಗ ಹೇಳಿದ್ದು. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ನಾಳೆ ಯಾರಾದರೂ "ಈ ಬಂಡೆಯಲ್ಲಿ ಯಾವ ಜಾತಿ ಇದೆ" ಎಂದು ದಾಖಲೆ ಹುಡುಕಿದಾಗ, ಬಂಡೆ ನೋಡಿ ಹೆಸರಿಟ್ಟ ಗರಿಯನ್ನೇ ಸಾಕ್ಷಿ ಮಾಡಿಕೊಂಡರೆ ಸುತ್ತಿ ಸುತ್ತಿ ಅಲ್ಲಿಗೇ ಬಂದಂತಾಯಿತು. ಜಾತಿ ಬೇಕೇ ಬೇಕಾದರೆ ಮೇಲೆ ಕೂತ ಹಕ್ಕಿಯನ್ನು ದುರ್ಬೀನಿನಲ್ಲಿ ನೋಡಿ, ಇಲ್ಲವೇ ಡಿಎನ್‌ಎ.

ಸಂಜೆಗಾಳಿ
ಉದುರಿದ ಒಣಗರಿಯಲ್ಲಿ ಡಿಎನ್‌ಎ ಇರುತ್ತದಾ?

ಕೊಳವೆ_ನೋಡಿ
ಇರುತ್ತದೆ, ಎಲ್ಲಿದೆ ಅನ್ನುವುದು ಗೊತ್ತಿರಬೇಕು. ಎಲ್ಲರೂ ಕೊಳವೆಯ ತುದಿಯನ್ನು ಕತ್ತರಿಸಿ ಕೊಡುತ್ತಾರೆ. ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿದೆ. ಗರಿಯನ್ನು ಮಗುಚಿ. ಬರಿ ಕೊಳವೆ ಮುಗಿದು ಎಳೆಗಳು ಶುರುವಾಗುವಲ್ಲಿ, ಕೆಳಮೈಯಲ್ಲಿ, ಸಣ್ಣ ರಂಧ್ರವಿದೆ. ಗರಿ ಬೆಳೆಯುವಾಗ ಒಳಗಿದ್ದ ರಕ್ತನಾಳ ಹಿಂಜರಿದು ಮುಚ್ಚಿಕೊಂಡ ಜಾಗ ಅದು. ಅದರ ಹಿಂದೆ ಒಣಗಿದ ರಕ್ತ ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆಯಾಗಿ ಉಳಿದಿರುತ್ತದೆ. ಕೊಳವೆಯ ಗೋಡೆ ಅದನ್ನು ನೀರು, ಬಿಸಿಲಿನಿಂದ ಕಾಪಾಡಿರುತ್ತದೆ. ಗಂಡೋ ಹೆಣ್ಣೋ ಅನ್ನುವುದನ್ನೂ ಅದರಿಂದ ಹೇಳಬಹುದು.

ಹಾಳಾಗುವುದು ಹೇಗೆಂದರೆ: ಒದ್ದೆ ಗರಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿದರೆ ಬೂಷ್ಟು ಬಂದು ಡಿಎನ್‌ಎ ಚೂರುಚೂರು. ಒಣಗಿಸಿ ಕಾಗದದ ಲಕೋಟೆಯಲ್ಲಿ ಇಡಬೇಕು, ಒಂದು ಲಕೋಟೆಗೆ ಒಂದೇ ಗರಿ. ಸೋಪು ಹಾಕಿ ತೊಳೆಯುವುದು, ಚೆಂದ ಕಾಣಲೆಂದು ಕೊಳವೆ ಕತ್ತರಿಸುವುದು, ಎರಡೂ ಬೇಡ. ಕೆದರಿದ ಎಳೆ ಸರಿಮಾಡಲೇಬೇಕಿದ್ದರೆ ಬಿಸಿ ನೀರಿನ ಹಬೆಗೆ ಕೆಲವು ಸೆಕೆಂಡು ಹಿಡಿದು, ಬೆರಳಿನಲ್ಲಿ ಬುಡದಿಂದ ತುದಿಗೆ ಸವರಿದರೆ ಕೊಂಡಿಗಳು ಮತ್ತೆ ಕೂಡಿಕೊಳ್ಳುತ್ತವೆ. ಅದೂ ಮಾದರಿ ತೆಗೆದ ಮೇಲೆ.

ಅನುಮತಿ ಇರುವವರಿಗೆ ಮಾತ್ರ ಈ ಮಾತು.

ಹೆಜ್ಜಾರ್ಲೆ
ಆ ಕೊನೆಯ ಸಾಲನ್ನು ದಪ್ಪಕ್ಷರದಲ್ಲಿ ಓದಿಕೊಳ್ಳಿ. ಭಾರತದಲ್ಲಿ ರಣಹದ್ದುಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. ಗರಿ ತಾನಾಗಿ ಉದುರಿದ್ದು ಅನ್ನುವುದು ಮನೆಯಲ್ಲಿಟ್ಟುಕೊಳ್ಳಲು ಪರವಾನಗಿ ಅಲ್ಲ. ಅಮೆರಿಕದಲ್ಲೂ 1918ರ ವಲಸೆ ಹಕ್ಕಿಗಳ ಕಾಯ್ದೆ ಉದುರುಗರಿಯನ್ನೂ ಬಿಡುವುದಿಲ್ಲ. ಕಲ್ಲುಗುಡ್ಡ ಅವರು ಬಿಟ್ಟು ಬಂದದ್ದು ಸರಿಯಾಯಿತು.

ಅಕ್ಕಪಕ್ಕ ಸತ್ತ ಹಕ್ಕಿ ಇದ್ದರೆ ಗರಿ ಮುಟ್ಟಲೂಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಉದುರಿದ್ದೋ ಕಿತ್ತಿದ್ದೋ ಎಂದು ಕೊಳವೆ ನೋಡಿದರೆ ತಿಳಿಯುತ್ತದೆ: ತಾನಾಗಿ ಉದುರಿದ್ದರೆ ಕೊಳವೆ ಪೂರ್ತಿ ಗಟ್ಟಿ, ಒಳಗೆ ಒಣ ಪೊರೆ, ತುದಿ ಶುಭ್ರ. ಬುಡದಲ್ಲಿ ಚರ್ಮ-ಮಾಂಸ ಅಂಟಿದ್ದರೆ ಯಾವುದೋ ಪ್ರಾಣಿಯೋ ಮನುಷ್ಯನೋ ಎಳೆದದ್ದು. ಕೊಳವೆಯೇ ಜಜ್ಜಿ ತುಂಡಾಗಿದ್ದರೆ ನರಿ-ನಾಯಿಯ ಹಲ್ಲು.

ಬಿಳಿಪುಕ್ಕ
ಮುಂದಿನ ಸಲಕ್ಕೆ ಫೋಟೋ ಹೇಗಿರಬೇಕು ಎಂದೂ ಹೇಳಿಬಿಡಿ. ಈಗಿನದರಲ್ಲಿ ಸ್ಕೇಲು ಗರಿಗಿಂತ ಎರಡು ಇಂಚು ಕೆಳಗಿದೆ, ಕ್ಯಾಮೆರಾ ಓರೆ.

ಗರಿಗಂಟು
ಸ್ಕೇಲು ಗರಿಗೆ ತಾಗಿ, ಅದೇ ಮಟ್ಟದಲ್ಲಿ. ಕ್ಯಾಮೆರಾ ನೇರ ಮೇಲಿನಿಂದ, ಒಂದು ಮೀಟರ್ ದೂರದಿಂದ ಜೂಮ್ ಹಾಕಿ. ಹತ್ತಿರದಿಂದ ಫೋನ್ ಹಿಡಿದರೆ ತುದಿಗಳು ಹಿಗ್ಗಿ ಅಳತೆ ಕೆಡುತ್ತದೆ. ನೆರಳಿನಲ್ಲಿ, ಬೂದು ಬಣ್ಣದ ರಟ್ಟಿನ ಮೇಲೆ. ಬಿಳಿ ಹಾಳೆಯ ಮೇಲಿಟ್ಟರೆ ಕಡುಗಂದು ಕಪ್ಪಾಗಿಬಿಡುತ್ತದೆ. ಮೇಲ್ಮೈ ಒಂದು, ಕೆಳಮೈ ಒಂದು, ಕೊಳವೆಯ ಹತ್ತಿರದ ಚಿತ್ರ ಒಂದು, ಬೆಳಕಿಗೆ ಎದುರು ಹಿಡಿದದ್ದು ಒಂದು. ಉದ್ದ ಅಳೆಯುವಾಗ ಬಾಗನ್ನು ಒತ್ತಿ ಚಪ್ಪಟೆ ಮಾಡಿ ಅಳೆದಿರೋ ಹಾಗೇ ಅಳೆದಿರೋ ಎಂದು ಬರೆಯಿರಿ. ದೊಡ್ಡ ಪ್ರೈಮರಿಯಲ್ಲಿ ಅಷ್ಟಕ್ಕೇ ಒಂದೆರಡು ಸೆಂ.ಮೀ. ಹೆಚ್ಚುಕಮ್ಮಿ ಆಗುತ್ತದೆ.

ಕಲ್ಲುಗುಡ್ಡ
ಧನ್ಯವಾದ. ಹೀಗೆ ಬರೆದುಕೊಂಡಿದ್ದೇನೆ, ತಪ್ಪಿದ್ದರೆ ತಿದ್ದಿ:

"ಜಿಪ್ಸ್ ಕುಲ, ಜಾತಿ ಗೊತ್ತಿಲ್ಲ. ಬಾಲದ ಗರಿ, ಬಲಭಾಗ, ನಡುವಿಗೂ ಅಂಚಿಗೂ ಮಧ್ಯದ್ದು. ತಾನಾಗಿ ಉದುರಿದ್ದು. 310 ಮಿ.ಮೀ., ಚಪ್ಪಟೆ ಮಾಡದೆ. ತುದಿ ಸವೆದಿದೆ. ಸಿಕ್ಕ ಜಾಗ: ಬಂಡೆಯ ಬುಡ."

ಕೊಳವೆ_ನೋಡಿ
"ಬಲಭಾಗ" ಹೇಗೆ ಹೇಳಿದಿರಿ?

ಕಲ್ಲುಗುಡ್ಡ
ತುದಿ ಮೇಲೆ ಮಾಡಿ ಇಟ್ಟ ಫೋಟೋದಲ್ಲಿ ಕಿರಿದಾದ ಅಲಗು ಬಲಕ್ಕಿದೆ. ಹೊರಬದಿ ಕಿರಿದು ಅಂದಿರಲ್ಲ.

ಕೊಳವೆ_ನೋಡಿ
ಅಲ್ಲೇ ಉಲ್ಟಾ ಆಗಿದೆ. ಹಕ್ಕಿಯ ಬೆನ್ನನ್ನು ಮೇಲಿನಿಂದ ನೋಡುತ್ತಿದ್ದೀರಿ, ತಲೆ ನಿಮ್ಮಿಂದ ಆಚೆಗಿದೆ ಅಂದುಕೊಳ್ಳಿ. ಬಾಲದ ತುದಿ ನಿಮ್ಮ ಕಡೆಗಿರುತ್ತದೆ. ಅಂದರೆ ಗರಿಯನ್ನು ಮೇಲ್ಮೈ ಕಾಣುವಂತೆ, ತುದಿ ಕೆಳಗೆ ಮಾಡಿ ಹಿಡಿಯಬೇಕು. ಆಗ ಕಿರಿದಾದ ಅಲಗು ಯಾವ ಕಡೆಗೋ ಗರಿ ಆ ಕಡೆಯದು. ರೆಕ್ಕೆಗರಿಗೂ ಇದೇ ಲೆಕ್ಕ, ಮಡಚಿದ ರೆಕ್ಕೆಯಲ್ಲಿ ತುದಿ ಬಾಲದ ಕಡೆಗೇ ಇರುತ್ತದಲ್ಲ. ಮೇಲ್ಮೈ ಯಾವುದು ಅನ್ನುವ ಅನುಮಾನ ಬಂದರೆ ಕಡ್ಡಿಯ ಮೇಲೆ ಉಗುರು ಆಡಿಸಿ: ಗಾಡಿಯ ಜಾಡಿನಂತೆ ಉದ್ದಕ್ಕೆ ತೋಡು ಸಿಕ್ಕರೆ ಕೆಳಮೈ, ನುಣುಪಾಗಿ ಉಬ್ಬಿದ್ದರೆ ಮೇಲ್ಮೈ.

ನಿಮ್ಮ ಫೋಟೋದಲ್ಲಿ ತೋಡು ಕಾಣುತ್ತಿಲ್ಲ, ಅಂದರೆ ಮೇಲ್ಮೈಯೇ. ತುದಿ ಮೇಲಿದ್ದಾಗ ಬಲ, ತಿರುಗಿಸಿದರೆ ಎಡ.

ಕಲ್ಲುಗುಡ್ಡ
"ಎಡಭಾಗ" ಎಂದು ತಿದ್ದಿದೆ.